ಅಕ್ಕನ ಬಾಚಣಿಗೆ

ಅಕ್ಕ ಅವಳಿಂದ ಏನನ್ನೂ ಕಿತ್ತುಕೊಂಡವಳಲ್ಲ. ತಂಗಿಯ ಸಿಟ್ಟೆಲ್ಲ ಅದಕ್ಕೇ. ಕಿತ್ತುಕೊಂಡಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

ಗಡಿಯಾರ ರಿಪೇರಿಯವನು ಮೊದಲು ಬಂದದ್ದು ಔಷಧಿ ಅಂಗಡಿಯಲ್ಲಿ ಅವಳ ಕೌಂಟರಿಗೆ, ತಲೆನೋವಿನ ಮಾತ್ರೆ ಕೇಳಿಕೊಂಡು. ಅವಳ ಕೈಗಡಿಯಾರ ನಿಂತುಹೋಗಿದ್ದನ್ನು ಕಂಡು ತಾನಾಗಿಯೇ ಬಿಚ್ಚಿಸಿಕೊಂಡು ಹೋಗಿ ಮರುದಿನ ತಂದುಕೊಟ್ಟ. ಅಂದಿನಿಂದ ಅದು ಒಂದು ಸೆಕೆಂಡೂ ಹಿಂದೆ ಬಿದ್ದಿಲ್ಲ. ಅವನಿಗೆ ಹೇಳಲೆಂದು ಅವಳು ಮೂರು ವಾಕ್ಯ ಕಟ್ಟಿ, ಕನ್ನಡಿಯ ಮುಂದೆ ಒಪ್ಪಿಸಿ, ಎರಡನೆಯದನ್ನು ತಿದ್ದಿ, ಮತ್ತೆ ಒಪ್ಪಿಸಿದಳು. ಧೈರ್ಯ ಬರುವಷ್ಟರಲ್ಲಿ, ಇವಳು ಮರೆತಿದ್ದ ಛತ್ರಿ ಹಿಡಿದು ಅಕ್ಕ ಅಂಗಡಿಗೆ ಬಂದಳು. ಅಕ್ಕನ ಜಡೆ ಸೊಂಟ ದಾಟುತ್ತಿತ್ತು. ಅಂದೂ ಮಾತ್ರೆಗೆ ಬಂದಿದ್ದ ಅವನು ಅಕ್ಕನನ್ನೇ ನೋಡುತ್ತ ಅದನ್ನು ಕೌಂಟರಿನ ಮೇಲೇ ಬಿಟ್ಟು ಹೋದ.

ಭಾನುವಾರ ಅವರಿಬ್ಬರ ಮದುವೆ.

ವಿಷದ ಯೋಚನೆಯನ್ನು ಅವಳು ಮೊದಲ ದಿನವೇ ಬಿಟ್ಟಳು. ಔಷಧಿ ಅಂಗಡಿಯಲ್ಲಿ ಪುಡಿ ತೂಗುವವಳ ಮನೆಯಲ್ಲಿ ವಿಷ ಸಿಕ್ಕರೆ ಪೊಲೀಸರಿಗೆ ಕಾಫಿ ಕುಡಿಯುವಷ್ಟು ಹೊತ್ತೂ ಹಿಡಿಯುವುದಿಲ್ಲ. ಅವಳ ಹತ್ತಿರ ಅಜ್ಜಿ ಕೊಟ್ಟುಹೋದ ವಿದ್ಯೆಯಿತ್ತು. ಅಜ್ಜಿ ಮಾಟಗಾತಿ. ಕಲಿಸುತ್ತೇನೆಂದು ಕರೆದಾಗ ಅಕ್ಕ ಹೆದರಿ ಅಡುಗೆಮನೆಗೆ ಓಡಿದ್ದಳು. ಇವಳು ಕೂತು ಕಲಿತಳು. ಅಕ್ಕ ತನಗಿಂತ ಚೆನ್ನಾಗಿ ಮಾಡದ ಕೆಲಸ ಆ ಮನೆಯಲ್ಲಿ ಅದೊಂದೇ ಇತ್ತು.

ವಿದ್ಯೆ ಸರಳ. ಒಂದೇ ತಲೆಯ ಏಳು ಎಳೆ ಕೂದಲನ್ನು ಹೊಸೆದು, ಕರೆದಾಗ ಬರುವ ಪಿಶಾಚದ ಕೈಗೆ ಕೊಡಬೇಕು. ಆ ತಲೆಯವರ ಆತ್ಮ ಪಿಶಾಚಕ್ಕೆ, ಇವಳು ಬಯಸಿದವನ ಮನಸ್ಸು ಇವಳಿಗೆ. ಗುರುತಿಲ್ಲ, ಗಾಯವಿಲ್ಲ. ಡಾಕ್ಟರು ಹೃದಯ ನಿಂತಿತು ಎಂದು ಬರೆಯುತ್ತಾರೆ, ಬರೆದದ್ದು ಸುಳ್ಳೂ ಆಗಿರುವುದಿಲ್ಲ. ದುಃಖದಲ್ಲಿರುವ ಗಡಿಯಾರದವನಿಗೆ ತಂಗಿಯೇ ಸಮಾಧಾನ ಹೇಳುತ್ತಾಳೆ. ಅದಕ್ಕೂ ಮೂರು ವಾಕ್ಯ ತಯಾರಿದ್ದವು.

ತಪ್ಪಾಗಬಹುದಾದದ್ದು ಒಂದೇ ಕಡೆ. ಇಬ್ಬರಿಗೂ ಒಂದೇ ಕೋಣೆ, ಒಂದೇ ಕನ್ನಡಿ. ತನ್ನದೊಂದು ಎಳೆ ಸೇರಿಕೊಂಡರೆ ಕತೆ ಮುಗಿಯಿತು. ಆದರೆ ಅವಳ ಕೂದಲು ಕಿವಿಯವರೆಗೂ ಬರುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಇಬ್ಬರೂ ಒಂದೇ ಜ್ವರದಲ್ಲಿ ಮಲಗಿದ್ದಾಗ, ಅಮ್ಮ ಇವಳ ಮಾರುದ್ದದ ಜಡೆಯನ್ನು ಬುಡಕ್ಕೇ ಕತ್ತರಿಸಿದ್ದಳು. ಆಮೇಲೆ ಇವಳು ಬೆಳೆಸಲೇ ಇಲ್ಲ. ಆ ಮನೆಯಲ್ಲಿ ಉದ್ದ ಕೂದಲೆಂದರೆ ಅದು ಅಕ್ಕನದೇ. ಏಳು ದಿನ, ಅಕ್ಕ ಸ್ನಾನಕ್ಕೆ ಹೋದಾಗ, ಬಾಚಣಿಗೆಯಿಂದ ದಿನಕ್ಕೊಂದು ಎಳೆಯನ್ನು ಚಿಮುಟದಲ್ಲಿ ಹಿಡಿದು ತೆಗೆದಳು. ಗಿಡ್ಡನೆಯ, ಸಣಕಲು ಎಳೆಗಳನ್ನು ತನ್ನದಿರಬಹುದೆಂದು ಬಿಟ್ಟಳು. ದಪ್ಪಗೆ, ಕಪ್ಪಗೆ, ಮೊಳಕ್ಕಿಂತ ಉದ್ದವಿದ್ದದ್ದನ್ನೇ ಆರಿಸಿ ಪುಡಿಯ ಪೊಟ್ಟಣದಲ್ಲಿ ಮಡಚಿಟ್ಟಳು.

ಶುಕ್ರವಾರ ಊಟದ ಹೊತ್ತಿನಲ್ಲಿ ಅಂಗಡಿಯ ಷಟರ್ ಅರ್ಧ ಎಳೆದು ಪಿಶಾಚವನ್ನು ಕರೆದಳು. ಬೂದು ಕೋಟು, ತಿದ್ದಿದ ಮೀಸೆ, ವಿಮೆ ಮಾಡಿಸಲು ಬಂದವನ ಹಾಗಿದ್ದ. ಕೂತ ಕುರ್ಚಿಯಿಂದ ಮಾತ್ರ ಸುಟ್ಟ ವಾಸನೆ ಬರುತ್ತಿತ್ತು. ಹೊಸೆದ ಎಳೆಯನ್ನು ಮೂಗಿಗೆ ಹಿಡಿದು, ಇವಳನ್ನು ನೋಡಿ, ಮತ್ತೆ ಎಳೆಯನ್ನು ನೋಡಿದ.

"ಯಾರ ತಲೇಲಿ ಬೆಳೆದ ಕೂದಲೋ ಅವರ ಆತ್ಮ. ಸರಿ ತಾನೇ?"

"ಸರಿ."

"ಯೋಚನೆ ಮಾಡಿ. ಆಮೇಲೆ ಕೇಳಲಿಲ್ಲ ಅನ್ನಬಾರದು."

"ಏಳು ದಿನ ಯೋಚನೆ ಮಾಡಿದೀನಿ."

ಅವನು ಎಳೆಯನ್ನು ಉಂಗುರದ ಬೆರಳಿಗೆ ಸುತ್ತಿಕೊಂಡ. ಸಂಜೆ ಆರಕ್ಕೆ ಎರಡೂ ಒಟ್ಟಿಗೆ ಆಗುತ್ತವೆ ಎಂದ. ಹೊರಡುವ ಮುನ್ನ ಷಟರ್ ಹತ್ತಿರ ನಿಂತ. "ನಿಮ್ಮಂಥವರು ಸಿಗೋದು ಅಪರೂಪ. ಕೂತು ಮಾತಾಡಬೇಕು ಅನಿಸುತ್ತೆ. ಇರಲಿ, ಮುಂದೆ ಬೇಕಾದಷ್ಟು ಹೊತ್ತು ಸಿಗುತ್ತೆ."

ಅವಳ ಕೆನ್ನೆ ಬಿಸಿಯಾಯಿತು. ಒಬ್ಬ ಗಂಡಸು ಅವಳನ್ನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು.

ಐದೂವರೆಗೆ ಮನೆಗೆ ಬಂದು ಬಟ್ಟೆ ಬದಲಿಸಿದಳು. ಆರಕ್ಕೆ ಗಡಿಯಾರದವನು ಬರುವುದಿತ್ತು. ಅಕ್ಕ ಕನ್ನಡಿಯ ಮುಂದೆ ಕೂತಿದ್ದಳು. ಕೊನೆಯ ಸಲ ನೋಡಿಕೊಳ್ಳೋಣವೆಂದು ಅವಳು ಮಂಚದ ಮೇಲೆ ಕೂತಳು. ಸ್ವಲ್ಪ ಪಾಪ ಅನಿಸಿತು. ಅಷ್ಟು ಅನಿಸಿದ್ದು ಅವಳಿಗೆ ಇಷ್ಟವೂ ಆಯಿತು.

"ಪುಟ್ಟೀ, ನಗಬೇಡ ಆಯ್ತಾ," ಎಂದಳು ಅಕ್ಕ. "ಇವತ್ತು ಅವರಿಗೊಂದು ಗುಟ್ಟು ಹೇಳಿಬಿಡ್ತೀನಿ. ಮುಚ್ಚಿಟ್ಟುಕೊಂಡು ಮದುವೆಯಾಗೋಕೆ ಮನಸ್ಸು ಬರ್ತಿಲ್ಲ ಕಣೇ."

ಅಕ್ಕ ಕತ್ತಿನ ಹಿಂದಿನಿಂದ ಎರಡು ಪಿನ್ನು ತೆಗೆದಳು. ಜಡೆ ಜಡೆಯಾಗಿಯೇ ಅವಳ ಕೈಗೆ ಬಂತು. ತಲೆಯ ಮೇಲೆ ಉಳಿದದ್ದು ಗಿಡ್ಡನೆಯ, ಸಣಕಲು ನಾಲ್ಕು ಎಳೆ. "ಆ ಜ್ವರಕ್ಕೆ ಉದುರಿದ್ದು ನನಗೆ ಮತ್ತೆ ಬರಲೇ ಇಲ್ಲ. ನಾನು ಅಳ್ತೀನಿ ಅಂತ ಅಮ್ಮ ನಿನ್ನ ಕತ್ತರಿಸಿದ ಜಡೆಯಿಂದಲೇ ಈ ಚೌರಿ ಕಟ್ಟಿಸಿಕೊಟ್ಟಳು. ನಿನಗೆ ಹೇಳಬೇಡ ಅಂದಿದ್ದಳು. ತಗೋ, ನಿನ್ನದು ನಿನಗೆ," ಎಂದು ಅಕ್ಕ ಅದನ್ನು ಅವಳ ಮಡಿಲಲ್ಲಿಟ್ಟಳು. ಕೋಣೆಯಲ್ಲಿ ಏನೋ ಸುಟ್ಟ ವಾಸನೆ ಎದ್ದಿತು. ಅವಳು ಕೈಗಡಿಯಾರ ನೋಡಿದಳು. ಆರಕ್ಕೆ ಹತ್ತು ಸೆಕೆಂಡಿತ್ತು, ಮತ್ತು ಅವನು ರಿಪೇರಿ ಮಾಡಿಕೊಟ್ಟ ಮೇಲೆ ಅದು ಒಮ್ಮೆಯೂ ತಪ್ಪಿರಲಿಲ್ಲ.