ಹತ್ತಿ ತುರುಕಿದ ಕ್ಯಾಸೆಟ್

"ನನ್ನ ಟ್ರಂಕು ಯಾರು ತಗದ್ರು?"

ಶಮಶಾದಬಿಯ ದನಿ ಬೆಟಗೇರಿಯ ಆ ಪುಟ್ಟ ಮನೆಯನ್ನೆಲ್ಲ ತುಂಬಿತು. ಗಾದಿಗೆ ಹತ್ತಿ ತುಂಬುತ್ತಿದ್ದ ಮಗ ತಾರೀಖ ತಲೆ ಎತ್ತಲಿಲ್ಲ. ಎತ್ತಿ ಮಾಡುವುದಾದರೂ ಏನು? ತಾಯಿ ಅವನೊಡನೆ ಮಾತು ಬಿಟ್ಟು ಇಪ್ಪತ್ತೈದು ವರ್ಷವಾಗಿತ್ತು. ಒಂದೇ ಮನೆ, ಒಂದೇ ಒಲೆ. ಆದರೂ "ರೊಟ್ಟಿ ತಿನ್ನು ಅಂತ ಅವಗ ಹೇಳು" ಎಂದು ಮೊದಲು ಸೊಸೆಯಿಂದ, ಈಗ ಮೊಮ್ಮಗಳಿಂದ ಹೇಳಿಸುವ ಹಟ ಆ ಮುದುಕಿಯದು.

"ನಾನ ಅಜ್ಜಿ," ಎಂದಳು ಮೊಮ್ಮಗಳು ಜಾಸ್ಮಿನ. ಅವಳ ಕೈಯಲ್ಲಿ ಟ್ರಂಕಿನೊಳಗಿನ ಹಳೆಯ ಕ್ಯಾಸೆಟ್ಟಿತ್ತು.

ತಾಯಿ ಮಾತು ಬಿಟ್ಟ ಕಾಲಕ್ಕೆ ಗದಗ ಹೊಸ ಜಿಲ್ಲೆಯಾಗಿ ಇನ್ನೂ ಎರಡು ವರ್ಷ. ಶಮಶಾದಬಿಯ ಗಂಡ, ಹತ್ತಿ ಹಿಂಜುವ ಲಾಡಸಾಬ, ಮೊಹರಂನಲ್ಲಿ ಸವಾಲು-ಜವಾಬಿನ ರಿವಾಯತ್ ಪದ ಹಾಡಲು ನಿಂತರೆ ಹೊಂಬಳದ ಎದುರು ಮೇಳ ಜವಾಬು ಹುಡುಕಿ ಬೆವರುತ್ತಿತ್ತು. ಆ ಪದಗಳನ್ನು ಅವಳು ಕ್ಯಾಸೆಟ್ಟಿನಲ್ಲಿ ಹಿಡಿಸಿ, ಯಾರೂ ಅಳಿಸಬಾರದೆಂದು ಅದರ ಬೆನ್ನಿನ ಪುಟ್ಟ ಹಲ್ಲು ಮುರಿಸಿಟ್ಟಿದ್ದಳು. ಹದಿನೆಂಟರ ತಾರೀಖನಿಗೆ ಇಂಗ್ಲಿಷ್ ರ‍್ಯಾಪಿನ ಹುಚ್ಚು. ಒಂದು ಮಾತಿನ ಅರ್ಥವೂ ಗೊತ್ತಿಲ್ಲದೆ ಮೂಗಿನಲ್ಲೇ ಹಾಡುತ್ತಿದ್ದ. ಮುರಿದ ಸಂದಿ ಮುಚ್ಚಿದರೆ ಮತ್ತೆ ದನಿ ತುಂಬಬಹುದೆಂದು ಅದಕ್ಕೆ ಮನೆಯ ಹತ್ತಿಯನ್ನೇ ತುರುಕಿ, ಅಪ್ಪನ ಪದಗಳ ಮೇಲೆ ತನ್ನ ದನಿ ತುಂಬಿಬಿಟ್ಟ. ಅಪ್ಪ ಮುಂದಿನ ಮೊಹರಂಗೆ ಮತ್ತೆ ಹಾಡುತ್ತಾನಲ್ಲ ಎಂದುಕೊಂಡಿದ್ದ... ಆ ಮೊಹರಂ ಬರುವ ಮೊದಲೇ ಲಾಡಸಾಬ ಕಣ್ಣು ಮುಚ್ಚಿದ. ಕ್ಯಾಸೆಟ್ಟು ಟ್ರಂಕು ಸೇರಿತು. ಅದನ್ನು ಹಾಕಿ ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಈಗ ಜಾಸ್ಮಿನಳಿಗೂ ಅದೇ ರ‍್ಯಾಪು. ಆದರೆ ಅವಳದು ಮನೆಯ ಕನ್ನಡ; ಬೆಟಗೇರಿಯ ನಳದ ಪಾಳಿ, ಕಾಲೇಜು ಬಸ್ಸಿನ ನೂಕಾಟ, ಎಲ್ಲವೂ ಅದರಲ್ಲಿ ಬರುತ್ತಿತ್ತು. ಭಾನುವಾರ ಗದಗಿನಲ್ಲಿ ಸ್ಪರ್ಧೆ. ಅಜ್ಜಿ ಹೂಂ ಅನ್ನದೆ ಹೊಸ್ತಿಲು ದಾಟುವಂತಿರಲಿಲ್ಲ.

"ನಿಮ್ಮಪ್ಪನ ಹಾಡು ನನ್ನ ಗಂಡನ ದನಿ ನುಂಗೇತಿ. ಅಂಥಾ ಹಾಡು ಈ ಮನ್ಯಾಗ ಮತ್ತ ಬ್ಯಾಡ."

"ರೇಡಿಯೋ ರಿಪೇರಿಯವ್ರ ಕಡೆ ಇದನ್ನ ಫೋನಿಗೆ ಹಾಕಿಸ್ಕೊಂಡ ಬಂದೀನಿ. ಒಮ್ಮೆ ಕೇಳ ಅಜ್ಜಿ. ಆಮ್ಯಾಲೂ ಬ್ಯಾಡ ಅಂದ್ರ ನಾ ಹೋಗಂಗಿಲ್ಲ."

ಮಧ್ಯಾಹ್ನದ ಬಿಸಿಲಿನಲ್ಲಿ ಹತ್ತಿಯ ಎಳೆಗಳು ನಿಧಾನವಾಗಿ ತೇಲುತ್ತಿದ್ದವು. ಮೊದಲು ಬರೀ ಗರಗರ. ಆಮೇಲೆ ಹುಡುಗ ತಾರೀಖನ ಇಂಗ್ಲಿಷ್. ಶಮಶಾದಬಿ ಮುಖ ತಿರುಗಿಸಿದಳು. ಅದರ ಹಿಂದೆಯೇ, ಪಡಸಾಲೆಯ ಕಡೆಯಿಂದ... ಟೊಂಯ್, ಟೊಂಯ್. ಲಾಡಸಾಬನ ಹಿಂಜುವ ಬಿಲ್ಲಿನ ಸದ್ದು.

"ಅವತ್ತು ಅಪ್ಪ ಕೆಲಸ ಮಾಡಾಕತ್ತಿದ್ದ," ಎಂದ ತಾರೀಖ ಮೆಲ್ಲಗೆ.

"ಬರೇ ಕೆಲಸ ಅಲ್ಲಪ್ಪಾ. ಈಗ ಕೇಳು," ಎಂದಳು ಜಾಸ್ಮಿನ.

ಟೇಪಿನಲ್ಲಿ ಹಾಡುತ್ತಿದ್ದ ಹುಡುಗ ಮಾತು ಮರೆತು ನಿಂತ. ಬಿಲ್ಲೂ ನಿಂತಿತು. ಹತ್ತಿ ಹಿಂಜುವವನು ಯಾಕೆ ನಿಲ್ಲಬೇಕು? ಹುಡುಗ ಉಸಿರೆಳೆದು ಮತ್ತೆ ಶುರು ಮಾಡಿದ. ಬಿಲ್ಲೂ ಅವನ ಜೊತೆಗೇ ಶುರುವಾಯಿತು. ಮತ್ತೆ ತಪ್ಪಿದ. ಬಿಲ್ಲು ಮತ್ತೆ ಕಾಯಿತು. ಹಾಡು ಮುಗಿದ ಮೇಲೆ ಟೇಪು ಬಂದ್ ಮಾಡುವುದನ್ನು ಮರೆತು ಹುಡುಗ ಹೊರಗೆ ಹೋದ ಸಪ್ಪಳ. ಆಗ ಕೇಳಿತು, ಲಾಡಸಾಬ ತನ್ನಷ್ಟಕ್ಕೆ ಆಡಿಕೊಂಡ ಮಾತು:

"ತಾಳ ಹಿಡದಾನ ನನ್ನ ಮಗ. ಮಾತೂ ತನ್ನವ ಆದ್ರ ಆತು."

ಶಮಶಾದಬಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಗಂಡ ಎಂದೋ ಮೆಚ್ಚಿದ್ದನ್ನು ತಾನು ಇಷ್ಟು ವರ್ಷ ಶಪಿಸಿದ್ದಳು. ಕಣ್ಣೊರೆಸಿಕೊಂಡು ಗೋಡೆಯಲ್ಲಿ ತೂಗುಬಿದ್ದ ಬಿಲ್ಲಿನತ್ತ ಕೈ ತೋರಿಸಿದಳು.

"ಅದನ್ನ ಇಳಸು. ಐತವಾರ ಹುಡುಗಿಗೆ ತಾಳಾ ಹಿಡಿಯಾಕ ಒಬ್ಬರು ಬೇಕಲ್ಲ."

ತಾರೀಖ ರೂಢಿಯಂತೆ ಮಗಳ ಮುಖ ನೋಡಿದ, ಅವಳು ಹೇಳಲಿ ಎಂದು. ಜಾಸ್ಮಿನ ಬಾಯಿ ಬಿಡಲಿಲ್ಲ.

"ಅಕಿ ಕಡೆ ಏನ್ ನೋಡ್ತಿ?" ಎಂದಳು ಶಮಶಾದಬಿ. "ನಿನಗ ಹೇಳಿದ್ದು, ನನ್ನಪ್ಪಾ."