ಕೇಳದೆ ತಂದ ಹಾಡುಗಳು

ಏಳು ಕೆರೆಗಳಾಚೆ, ಈಗ ಯಾರೂ ಹೋಗಿಬರದ ದಿಕ್ಕಿನಲ್ಲಿ, ಒಂದು ಕಾಲಕ್ಕೆ ಧವಳಪುರಿ ಅಂತ ಒಂದು ರಾಜ್ಯವಿತ್ತು. ಅಲ್ಲಿ ಸಿಂಗಯ್ಯ ಅನ್ನೋ ತರುಣ ಅರಗಿನ ಕೆಲಸ ಮಾಡಿಕೊಂಡಿದ್ದ. ಬಳೆ ಅಲ್ಲ, ಆಟಿಕೆ ಅಲ್ಲ, ಹಾಡಿನ ತಟ್ಟೆ. ಬಿಸಿ ಅರಗನ್ನು ತಟ್ಟಿ ಹಾಡುವವರ ಬಾಯಿ ಮುಂದೆ ಹಿಡಿದರೆ ಹಾಡು ಅದರ ಮೇಲೆ ಗೆರೆಗೆರೆಯಾಗಿ ಕೂರುತ್ತಿತ್ತು. ತಟ್ಟೆಯನ್ನು ಪೆಟ್ಟಿಗೆಯ ಗೂಡಿನಲ್ಲಿಟ್ಟು ಗುಂಡಿ ಒತ್ತಿದರೆ ಸಾಕು, ಮನೆಯಲ್ಲೇ ಕಾಲು ಚಾಚಿಕೊಂಡು ಕೇಳಬಹುದು.

ಈ ಕಸುಬಿಗೆ ಒಂದು ಕಟ್ಟಳೆಯಿತ್ತು. ಹಾಡು ತಗೊಳ್ಳುವ ಮುಂಚೆ ಹಾಡುವವರ ಕೈಗೆ ವೀಳ್ಯ ಕೊಟ್ಟು, "ಈ ಹಾಡು ಕೊಡ್ತೀರಾ?" ಅಂತ ಕೇಳಬೇಕು. ಅವರು ಎಲೆ ಬಾಯಿಗಿಟ್ಟುಕೊಂಡರೆ ಒಪ್ಪಿಗೆ. ಆಮೇಲೆ ಅಗಿದು ಮುಗಿಸೋವರೆಗೂ ಕಾಯಬೇಕು. ಬಾಯಿ ತುಂಬ ಎಲೆ ಇಟ್ಟುಕೊಂಡು ಹಾಡೋದು ಹೇಗೆ, ನೀವೇ ಹೇಳಿ. ಹಲ್ಲಿಲ್ಲದ ಮುದುಕರಾದರಂತೂ ಅರ್ಧ ದಿನ ಅಲ್ಲೇ.

ರಾಜ ಧವಳಸೇನ ಅರಮನೆಯ ಹಜಾರಕ್ಕೆ ಮೂವತ್ತು ಗೂಡಿನ ಪೆಟ್ಟಿಗೆ ಮಾಡಿಸಿದ. "ನಮ್ಮ ತಾತನ ಕಾಲದಲ್ಲಿ ಊರೆಲ್ಲ ಗುನುಗುತ್ತಿದ್ದ ಹಾಡುಗಳು ಬೇಕು. ಹುಣ್ಣಿಮೆಯೊಳಗೆ ತುಂಬಿಸು" ಅಂದ. ಸಿಂಗಯ್ಯ ಊರೂರು ಅಲೆದ, ವೀಳ್ಯ ಕೊಟ್ಟ, ಕಾದ, ಇಪ್ಪತ್ತೇಳು ತುಂಬಿಸಿದ. ಹುಣ್ಣಿಮೆಗೆ ಒಂದೇ ದಿನ, ಇನ್ನೂ ಮೂರು ಗೂಡು ಖಾಲಿ.

ಆಗ ಬಂದ ನೋಡಿ ಮಂತ್ರವಾದಿ ಕರಿಕಂಠ. ದನಿ ಬಿದ್ದುಹೋಗಿ ಪಿಸುಗುಟ್ಟುತ್ತಿದ್ದ ಮನುಷ್ಯ. ಕೈಯಲ್ಲಿ ಕಪ್ಪು ಅರಗು. "ಇದಕ್ಕೆ ಯಾರನ್ನೂ ಕೇಳಬೇಕಾಗಿಲ್ಲ. ಮರೆಯಲ್ಲಿ ನಿಂತು ಹಿಡಿ, ಹಾಡು ತಾನಾಗಿ ಬರುತ್ತೆ."

ಸಿಂಗಯ್ಯ ಹಿಡಿದ. ಹೊಳೆದಂಡೆಯ ಪೊದೆಯಲ್ಲಿ ಕೂತು ಅಂಬಿಗ ಮುದ್ದಯ್ಯ ಹುಟ್ಟು ಹಾಕುತ್ತಾ ಹಾಡುವ ಹಾಡು ಹಿಡಿದ. ಮದುವೆ ಚಪ್ಪರದ ಹಿಂದೆ ನಿಂತು, ಅಲ್ಲಿ ಹಾಡುತ್ತಿದ್ದ ಸಿದ್ದಾಜವ್ವನ ಮದುವೆ ಹಾಡು ಹಿಡಿದ. ಕೊನೆಗೆ, ಹೇಳೋಕೂ ನಾಚಿಕೆ, ತನ್ನನ್ನು ಸಾಕಿದ ಹೊನ್ನಜ್ಜಿಯ ಜೋಗುಳವನ್ನೂ ಬಾಗಿಲ ಸಂದಿಯಿಂದ ಹಿಡಿದ.

ರಾಜ ಶಾಲು ಹೊದಿಸಿದ. ಸಿಂಗಯ್ಯ ಎದೆಯುಬ್ಬಿಸಿಕೊಂಡು ಮನೆಗೆ ಬಂದ. ಪಕ್ಕದ ಮನೆಯ ಕೂಸನ್ನು ಮಡಿಲಲ್ಲಿ ಹಾಕಿಕೊಂಡು ಹೊನ್ನಜ್ಜಿ ಬಾಯಿ ತೆರೆದಳು. ಹಾಡು ಬರಲಿಲ್ಲ. ಮತ್ತೆ ತೆರೆದಳು. ಬರಲಿಲ್ಲ.

"ವಯಸ್ಸಾಯ್ತು ಮಗಾ" ಅಂದಳು ತಲೆತಗ್ಗಿಸಿ. "ನಮ್ಮಮ್ಮ ಕಲಿಸಿದ ಹಾಡು. ಮರೆತುಬಿಟ್ಟೆನಲ್ಲ, ಯಾರಿಗೂ ಹೇಳಬೇಡ."

ತಪ್ಪು ಅವನದು, ನಾಚಿಕೆ ಅವಳಿಗೆ. ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ಶಾಲನ್ನು ಮಡಚಿ ಪೆಟಾರಿಯೊಳಗೆ ತುರುಕಿದ. ಅತ್ತ ಮೂರೂ ಹಾಡಿನ ದನಿ ಕರಿಕಂಠನ ಗಂಟಲಿಗೆ ಇಳಿದಿತ್ತು. ಅವನು ಜೇನಿನಂಥ ದನಿಯಲ್ಲಿ ಏನು ಹೇಳಿದರೂ ರಾಜ ಗೋಣು ಹಾಕತೊಡಗಿದ. ನಾಲ್ಕೇ ದಿನಕ್ಕೆ ಸಿಂಹಾಸನದ ಮೇಲೆ ಮಂತ್ರವಾದಿ, ಮೆಟ್ಟಿಲ ಮೇಲೆ ರಾಜ.

ಸಿಂಗಯ್ಯ ಪೆಟ್ಟಿಗೆ ಒರೆಸುವ ನೆಪದಲ್ಲಿ ಮೂರು ಕಪ್ಪು ತಟ್ಟೆ ತೆಗೆದುಕೊಂಡು ಬಂದು, ಹಾಡುಗಳು ವಾಪಸ್ ಹೋಗಲಿ ಅಂತ ಒಲೆಗೆ ಹಾಕಿದ. ಕರಗಲಿಲ್ಲ. ಕಲ್ಲಿನಿಂದ ಜಜ್ಜಿದ. ಬಿರುಕೂ ಬಿಡಲಿಲ್ಲ. ಕೋಟೆಯ ಕಂದಕಕ್ಕೆ ಎಸೆದ. ಒಂದು ಮೊಸಳೆ ಮೂರನ್ನೂ ಬಾಯಲ್ಲಿ ಕಚ್ಚಿ ತಂದು ದಡಕ್ಕಿಟ್ಟಿತು.

"ನಾನೂ ಅರಗಿನವನೇ ಕಣಪ್ಪ" ಅಂದಿತು ಮೊಸಳೆ. "ನಾನೂ ಕದ್ದೆ, ನಾನೂ ಬಾಯಿ ಬಿಡಲಿಲ್ಲ, ಹೀಗಾದೆ. ಹಾಡಿನವರ ಎದುರು ನಿಂತು ಮಾಡಿದ್ದನ್ನು ಹೇಳು. ನಾಚಿಕೆಗೆ ಕೆನ್ನೆ ಸುಡುತ್ತಲ್ಲ, ಆ ಬಿಸಿಗೆ ಮಾತ್ರ ಈ ಅರಗು ಕರಗುತ್ತೆ."

ಮೊದಲು ಹೊಳೆದಂಡೆಗೆ ಹೋದ. "ಮುದ್ದಯ್ಯಣ್ಣ, ಮಂತ್ರವಾದಿ ನನ್ನ ಕೈಲಿ ನಿನ್ನ ಹಾಡು ಕದಿಸಿಬಿಟ್ಟ" ಅಂದ. ತಟ್ಟೆಯನ್ನು ಕೆನ್ನೆಗೆ ಒತ್ತಿಕೊಂಡರೆ ತಣ್ಣಗಿತ್ತು.

"ಪೊದೆಯಲ್ಲಿ ಮಂತ್ರವಾದಿ ಕೂತಿದ್ದನೋ, ನೀನೋ?" ಅಂತ ಕೇಳಿದ ಅಂಬಿಗ.

ಸಿಂಗಯ್ಯ ತಟ್ಟೆಯನ್ನು ಮತ್ತೆ ಕೆನ್ನೆಗಿಟ್ಟುಕೊಂಡ. "ನಾನೇ. ನೀನು ಎಲೆ ಅಗಿಯೋದನ್ನ ಕಾಯೋಕೆ ಬೇಜಾರಾಗಿ ಕದ್ದೆ." ಕೆನ್ನೆ ಕಾದಿತು, ತಟ್ಟೆ ಕರಗಿ ಸೋರಿತು, ಮುದ್ದಯ್ಯ ಹುಟ್ಟು ಹಾಕುತ್ತಾ ಹಾಡಿಕೊಂಡು ಹೋದ. ತಿರುಗಿಯೂ ನೋಡಲಿಲ್ಲ.

ಎರಡನೆಯದು ಸಿದ್ದಾಜವ್ವನ ಹಾಡು. ಕಿವಿಯಲ್ಲಿ ಹೇಳೋಣ ಅಂತ ಹೋದರೆ ಆಕೆ ಬಿಡುತ್ತಾಳಾ? ಹಾಡಿಲ್ಲದೆ ಅವಳು ಮದುವೆ ಮನೆಯಲ್ಲಿ ನಗೆಪಾಟಲಾಗಿದ್ದಳು. "ನನ್ನ ಮಾನ ಹೋಗಿದ್ದು ಚಪ್ಪರದಲ್ಲಿ. ಅಲ್ಲೇ ಹೇಳು." ಇನ್ನೊಂದು ಮದುವೆಯ ಚಪ್ಪರದಲ್ಲಿ, ಬೀಗರ ಪಂಕ್ತಿಯ ಮುಂದೆ, ಬಡಿಸುವವರೆಲ್ಲ ಸೌಟು ಹಿಡಿದುಕೊಂಡೇ ನೋಡುತ್ತಿರುವಾಗ ಹೇಳಿದ. ಕಿವಿಯವರೆಗೂ ಸುಟ್ಟಿತು. ತಟ್ಟೆ ಕರಗಿತು, ಸಿದ್ದಾಜವ್ವ ದನಿ ಎತ್ತಿದಳು.

ಮೂರನೆಯದಕ್ಕೆ ಮನೆಗೇ ಹೋಗಬೇಕಿತ್ತು. ಮೂರು ಸಲ ಹೊಸ್ತಿಲವರೆಗೆ ಹೋದ, ಮೂರು ಸಲ ವಾಪಸ್ ಬಂದ. ಬೈಯುವವರ ಮುಂದೆ ಹೇಗೋ ನಿಲ್ಲಬಹುದು. ಬೈಯದವರ ಮುಂದೆ ನಿಲ್ಲೋದು ಎಷ್ಟು ಕಷ್ಟ ಅಂತ ಅವತ್ತು ಅವನಿಗೆ ಗೊತ್ತಾಯಿತು. ನಾಲ್ಕನೇ ಸಲ ಒಳಗೆ ಹೋಗಿ ಅಜ್ಜಿಯ ಮುಂದೆ ಕೂತ.

"ಅಜ್ಜಿ, ನೀನು ಮರೆತಿಲ್ಲ. ನಾನೇ ಕದ್ದೆ. ನೀನು ನಿನ್ನನ್ನೇ ಬೈದುಕೊಳ್ಳುವಾಗ ಪಕ್ಕದಲ್ಲೇ ಇದ್ದೂ ಸುಮ್ಮನಿದ್ದೆ."

ಹೊನ್ನಜ್ಜಿ ಅವನ ಕೈಯಲ್ಲಿದ್ದ ಕಪ್ಪು ತಟ್ಟೆಯನ್ನು ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು. "ನನ್ನ ಹತ್ರವೂ ಕದಿಯಬೇಕಿತ್ತೇನೋ?"

ಅಷ್ಟೇ. ಅವನ ಮುಖ ಕೆಂಡವಾಯಿತು. ತಟ್ಟೆ ಕೈಯಲ್ಲಿದ್ದಂತೆಯೇ, ಕೆನ್ನೆಗೆ ತಾಕುವ ಮುಂಚೆಯೇ ಕರಗಿಹೋಯಿತು. ಅಜ್ಜಿಯ ಗಂಟಲಲ್ಲಿ ಜೋಗುಳ ಮೂಡಿತು. ಸಿಂಗಯ್ಯ ಅತ್ತುಬಿಟ್ಟ. ಅದೇ ಗಳಿಗೆಗೆ ಅರಮನೆಯಲ್ಲಿ ಅಪ್ಪಣೆ ಕೊಡುತ್ತಿದ್ದ ಕರಿಕಂಠನ ದನಿ ಪಿಸಪಿಸ ಆಯಿತು, ರಾಜನಿಗೆ ಎಚ್ಚರವಾಯಿತು, ಕಾವಲಿನವರು ಮಂತ್ರವಾದಿಯನ್ನು ಏಳು ಕೆರೆ ದಾಟಿಸಿ ಬಂದರು. ಹೊಳೆಯ ಮೇಲೆ, ಚಪ್ಪರದಲ್ಲಿ, ಮನೆಯಲ್ಲಿ ಹಾಡು ಕೇಳಿದ್ದೇ ತಡ, ಕಂದಕದ ಮೊಸಳೆಗೂ ತಾನು ಕದ್ದಿದ್ದನ್ನು ಹೇಳುವ ಧೈರ್ಯ ಬಂತು. ಹಾಡಿನವರನ್ನು ಕಂದಕದ ಅಂಚಿಗೆ ಕರೆಸಿ ಹೇಳಿ, ಮನುಷ್ಯನಾಗಿ ದಡ ಹತ್ತಿತು.

ಸಿಂಗಯ್ಯ ಈಗ ಕಟ್ಟಳೆಯಂತೆ ವೀಳ್ಯ ಹಿಡಿದು ಹೋದ. ಮುದ್ದಯ್ಯ ಅಗಿದ, ಹಾಡಿದ. ಸಿದ್ದಾಜವ್ವ ನಾಲ್ಕು ದಿನ ಸತಾಯಿಸಿ ಅಗಿದಳು, ಹಾಡಿದಳು. ಹೊನ್ನಜ್ಜಿ ಎಲೆಯನ್ನು ಹಿಂದಕ್ಕೆ ತಳ್ಳಿದಳು.

"ಇದನ್ನ ಕೊಡೋಲ್ಲ ಮಗಾ. ಮಡಿಲಲ್ಲಿ ಯಾವ ಕೂಸಿದೆ, ಅದು ಮಲಗಿತೋ ಇಲ್ಲವೋ ಅಂತ ಪೆಟ್ಟಿಗೆಗೆ ಗೊತ್ತಾಗೋಲ್ಲ."

"ಸರಿ ಅಜ್ಜಿ" ಅಂದ ಸಿಂಗಯ್ಯ.

ಅರಮನೆಯಲ್ಲಿ ರಾಜ ಬೆರಳಿಟ್ಟು ಎಣಿಸಿದ. "ಇಪ್ಪತ್ತೊಂಬತ್ತೇ ಇವೆಯಲ್ಲ?"

"ಹೌದು ದೊರೆ. ಆ ಹಾಡನ್ನ ಕೇಳಿದೆ, ಅವರು ಕೊಡಲ್ಲ ಅಂದರು." ಅವನ ಮುಖ ಈಗಲೂ ಕೊಂಚ ಬಿಸಿಯಾಯಿತು, ಆದರೆ ಈ ಸಲ ತಲೆ ತಗ್ಗಲಿಲ್ಲ.

ಆಮೇಲೆ ಧವಳಪುರಿಯವರು ಹಾಡಿಕೊಂಡು, ಎಲೆ ಅಗಿದುಕೊಂಡು ಸುಖವಾಗಿದ್ದರು. ರಾಣಿಗೆ ಗಂಡು ಮಗುವಾದಾಗ ರಾಜ ತಾನೇ ಕೂಸನ್ನೆತ್ತಿಕೊಂಡು ಹೊನ್ನಜ್ಜಿಯ ಮನೆಗೆ ಬಂದ. ಒಳಗೆ ಊರ ಕೂಸುಗಳೆಲ್ಲ ತುಂಬಿ ಜಾಗವಿರಲಿಲ್ಲ, ಜಗಲಿಯ ಮೇಲೆ ಕೂತು ಜೋಗುಳ ಕೇಳಿದ.