ಒಂದು ಹನಿ ಜಾಸ್ತಿ

"ಮೇಡಂ, ಒಂದು ನಿಮಿಷ... ಇದನ್ನ ಸ್ವಲ್ಪ ಮೂಸಿ ನೋಡ್ತೀರಾ?"

ನಿಂಬೆ ಜ್ಯೂಸಿನ ಲೋಟ ತುಟಿಗೆ ತಾಗುವ ಮೊದಲೇ ಅವಳ ಮೂಗಿನ ಕೆಳಗೆ ಒಂದು ಪುಟ್ಟ ಪೊಟ್ಟಣ ಬಂದಿತ್ತು. ಹಿಡಿದವನು ಅದೇ ಬೆಂಚಿನ ಆ ತುದಿಯಲ್ಲಿ ಕೂತಿದ್ದ. ಮೂಗು ಕೆಂಪಗಾಗಿತ್ತು, ಒಂದು ಕೈಯಲ್ಲಿ ಕರವಸ್ತ್ರ, ತೊಡೆಯ ಮೇಲೆ ತೆರೆದಿಟ್ಟ ಪುಸ್ತಕ.

ಬೇರೆ ಹೆಣ್ಣಾಗಿದ್ದರೆ ಎದ್ದು ಹೋಗುತ್ತಿದ್ದಳು. ಇವಳು ಯೋಚಿಸದೆ ಉಸಿರೆಳೆದುಕೊಂಡಳು. ಅಭ್ಯಾಸಬಲ, ಏನು ಮಾಡುವುದು?

"ಸ್ಟ್ರಾಬೆರಿ. ಜೊತೆಗೆ ವೆನಿಲಾ, ಒಂದು ಹನಿ ಜಾಸ್ತಿ."

ಅವನ ಪೆನ್ನು ಪುಸ್ತಕದ ಮೇಲೆ ಸರಸರ ಓಡಿತು.

"ಜಾಸ್ತಿ ಅಂತ ಹೇಗೆ ಗೊತ್ತಾಯ್ತು?"

"ಈ ಸಲ ನನ್ನ ಕೈ ಸ್ವಲ್ಪ..."

ಅವಳ ಮಾತು ಅಲ್ಲೇ ನಿಂತಿತು. ಅವನ ಪೆನ್ನೂ ನಿಂತಿತು.

ಆಗ ಅವಳು ಪೊಟ್ಟಣವನ್ನು ಸರಿಯಾಗಿ ನೋಡಿದಳು. ಚೀಟಿ ಹರಿದಿದ್ದರೂ ಬಣ್ಣ ಗೊತ್ತಾಗುತ್ತಿತ್ತು. ಅದು ಚಿಕ್ಕಪ್ಪನ ಕಾರ್ಖಾನೆಯದು. ಒಳಗಿದ್ದ ತಂಬಾಕಿಗೆ ಆ ಘಮ ಬೆರೆಸಿದ್ದು ಅವಳದೇ ಕೈ.

ಅವನು ಅವಳ ಗುಲಾಬಿ ಬಣ್ಣ ಅಂಟಿದ ಬೆರಳ ತುದಿಗಳನ್ನು ನೋಡಿದ. ನಂತರ ಮುಖ ನೋಡಿದ. ಆ ಮುಖದಲ್ಲಿದ್ದ ಹೆದರಿಕೆ ಕಂಡು ನಿಧಾನವಾಗಿ ಪುಸ್ತಕ ಮುಚ್ಚಿದ.

"ಜ್ಯೂಸ್ ಕುಡೀರಿ. ಐಸು ಕರಗ್ತಿದೆ," ಎಂದನಷ್ಟೇ.

ಅವಳು ಕುಡಿಯಲಿಲ್ಲ. ಬಸ್ಸು ಬಂದಿತ್ತು, ಓಡಿ ಹತ್ತಿದಳು. ಕಿಟಕಿಯಿಂದ ತಿರುಗಿ ನೋಡಬಾರದು ಅಂದುಕೊಂಡವಳು ಎರಡು ಸಲ ತಿರುಗಿ ನೋಡಿದಳು.

ಅವನು ನಗರಸಭೆಯ ಆರೋಗ್ಯ ಇನ್ಸ್‌ಪೆಕ್ಟರ್. ಘಮದ ತಂಬಾಕು ಮತ್ತು ಪ್ಲಾಸ್ಟಿಕ್ ಸ್ಟ್ರಾ, ಇವೆರಡನ್ನೂ ನಿಷೇಧಿಸಿ ಎಂದು ನಗರಸಭೆ ಮೇಲಿನ ಸರ್ಕಾರವನ್ನು ಒತ್ತಾಯಿಸಲು ಹೊರಟಿತ್ತು. ತಂಬಾಕಿನವರು ಮಾತ್ರ "ನಾವು ಯಾವ ಘಮವನ್ನೂ ಸೇರಿಸುವುದಿಲ್ಲ, ಅದು ಎಲೆಯದೇ ಗುಣ" ಎಂದು ಬರೆದು ಕೈತೊಳೆದುಕೊಂಡಿದ್ದರು. ಪ್ರಯೋಗಾಲಯದ ವರದಿ ಬರಲು ತಿಂಗಳುಗಳು ಬೇಕು. ಅಲ್ಲಿಯವರೆಗೆ ನಾಲ್ಕು ಜನರನ್ನು ಕೇಳಿ ಬರೆದುಕೊಂಡು ಬಾ ಎಂದು ಇವನನ್ನು ಕಳಿಸಿದ್ದರು. ಇವನ ಮೂಗೋ, ಧೂಳಿಗೂ ಅದಕ್ಕೂ ಹುಟ್ಟಿನಿಂದ ಆಗಿಬರದು. ವರ್ಷದಲ್ಲಿ ಹನ್ನೊಂದು ತಿಂಗಳು ಕಟ್ಟಿರುತ್ತಿತ್ತು.

ಅವಳ ಮೂಗಿನ ಕಥೆಯೇ ಬೇರೆ.

ಅಪ್ಪ ಅಮ್ಮ ಇಲ್ಲದ ಅವಳನ್ನು ಸಾಕಿದ್ದು ಚಿಕ್ಕಪ್ಪ, ಚಿಕ್ಕಮ್ಮ. ಹದಿನೇಳನೇ ವಯಸ್ಸಿನಲ್ಲಿ ಒಮ್ಮೆ ಕಾರ್ಖಾನೆಗೆ ಊಟ ಕೊಡಲು ಹೋದವಳು "ಚಿಕ್ಕಪ್ಪ, ಈ ಪುದೀನಾ ಹಳಸಿದೆ" ಎಂದಿದ್ದಳು. ಅವತ್ತಿನಿಂದ ಬೆರೆಸುವ ಕೋಣೆ ಅವಳ ಪಾಲಿಗೆ ಬಂತು. ಹನ್ನೆರಡು ವರ್ಷವಾಯಿತು. ಆ ಕೋಣೆಗೆ ಕಿಟಕಿ ಇಲ್ಲ. ಹೊರಗಿನ ವಾಸನೆ ನುಗ್ಗಿದರೆ ಲೆಕ್ಕ ತಪ್ಪುತ್ತದೆ ಎಂದು ಚಿಕ್ಕಪ್ಪನೇ ಹೊರಗಿನಿಂದ ಚಿಲಕ ಹಾಕುತ್ತಿದ್ದರು. ಮಧ್ಯಾಹ್ನ ಒಂದು ಸಲ, ಸಂಜೆ ಐದಕ್ಕೆ ಒಂದು ಸಲ ತೆಗೆಯುತ್ತಿದ್ದರು.

ಕೆಟ್ಟ ಮನುಷ್ಯರಲ್ಲ. ಮನೆಯಲ್ಲಿ ಮೊದಲ ತುತ್ತು ಅವಳಿಗೇ. ಆದರೆ ಆರು ವರ್ಷದಿಂದ ಬಂದ ಗಂಡುಗಳನ್ನೆಲ್ಲ ಬಾಗಿಲಲ್ಲೇ ವಾಪಸು ಕಳಿಸುತ್ತಿದ್ದರು.

"ನಿನ್ನನ್ನ ಕೊಟ್ಟುಬಿಟ್ರೆ ಕಾರ್ಖಾನೆಗೆ ಬೀಗ ಜಡೀಬೇಕು ಮಗಳೇ. ಹದಿನಾಲ್ಕು ಹೆಂಗಸರು ಪ್ಯಾಕಿಂಗ್ ಮಾಡ್ತಾರೆ. ಅವರ ಮಕ್ಕಳ ಗತಿ?"

ಅವಳಿಗಾಗಲೇ ಇಪ್ಪತ್ತೊಂಬತ್ತಾಗಿತ್ತು. ಸ್ವಂತದ್ದು ಅಂತ ದಿನಕ್ಕೆ ಇದ್ದದ್ದು ಹದಿನೈದು ನಿಮಿಷ... ಐದರಿಂದ ಐದೂಕಾಲು, ಬಸ್ಸು ಬರುವವರೆಗೆ, ಜ್ಯೂಸಿನ ಅಂಗಡಿಯ ಬೆಂಚು.

ಮರುದಿನ ಅಲ್ಲಿಗೆ ಹೋಗಬಾರದು ಎಂದು ಇಡೀ ದಿನ ನಿರ್ಧಾರ ಮಾಡಿದಳು. ಐದು ಗಂಟೆ ಎರಡು ನಿಮಿಷಕ್ಕೆ ಬೆಂಚಿನ ಮೇಲಿದ್ದಳು.

ಅವನೂ ಇದ್ದ. ಪೊಟ್ಟಣದ ಸುದ್ದಿಯನ್ನೇ ಎತ್ತಲಿಲ್ಲ. ಅಂಗಡಿ ನಡೆಸುವವಳು ಅವನ ಅಕ್ಕ ಎಂದು ಅವತ್ತು ಗೊತ್ತಾಯಿತು. ಬಸ್ ಸ್ಟಾಪಿನವರೆಲ್ಲ ಅವಳನ್ನು ಜ್ಯೂಸಕ್ಕ ಅನ್ನುತ್ತಿದ್ದರು. ಜ್ಯೂಸಕ್ಕನ ಬಾಯಿಗೆ ಬ್ರೇಕು ಇರಲಿಲ್ಲ.

"ನೋಡಮ್ಮ, ಇವನು ನನ್ನ ತಮ್ಮನೋ ಶತ್ರುವೋ ನೀನೇ ಹೇಳು. ಊರಲ್ಲಿ ಇಷ್ಟು ಅಂಗಡಿ ಇದೆ. ಮೊದಲು ನನ್ನ ಪ್ಲಾಸ್ಟಿಕ್ ಸ್ಟ್ರಾನೇ ಹೊತ್ಕೊಂಡು ಹೋದ. ಈಗ ಈ ಕಾಗದದ್ದು ತಂದಿಟ್ಟಿದಾನೆ. ಗಿರಾಕಿಗಳು ಒದ್ದೆ ರಟ್ಟು ಚೀಪಿದ ಹಾಗಾಗುತ್ತೆ ಅಂತಾರೆ."

"ನಮ್ಮ ಮನೆಯಿಂದ ಶುರು ಮಾಡದೆ ಬೇರೆಯವರಿಗೆ ಹೇಗಕ್ಕ ಹೇಳಲಿ?" ಎಂದು ಅವನು ಸೀನಿದ.

ಅವಳು ಒಂದು ಸ್ಟ್ರಾ ಎತ್ತಿ ಮೂಗಿನ ಹತ್ತಿರ ಹಿಡಿದಳು. "ಕಾಗದದ್ದಲ್ಲ ಅಕ್ಕ ಈ ವಾಸನೆ, ಅಂಟಿನದು. ಹಳಸಿದೆ. ಮೈದಾ ಅಂಟನ್ನ ಅವತ್ತವತ್ತೇ ಕಾಯಿಸಿ, ಎರಡು ಹನಿ ಲವಂಗದೆಣ್ಣೆ ಹಾಕಿಸಿ. ಕೆಡಲ್ಲ."

ಅವನು ಅವಳನ್ನೇ ನೋಡುತ್ತ ಕೂತ. ಈ ಸಲ ಪುಸ್ತಕ ತೆರೆಯಲಿಲ್ಲ.

ಹೀಗೇ ದಿನಗಳು ಕಳೆದವು. ಹದಿನೈದು ನಿಮಿಷದಲ್ಲಿ ಎಷ್ಟು ಮಾತಾಡಬಹುದು? ಪ್ರೀತಿಸಿದವರನ್ನು ಕೇಳಿ ನೋಡಿ. ಅವನು ತನ್ನ ಮೂಗಿನ ಕಷ್ಟ ಹೇಳಿ ನಗಿಸಿದ. ಅವಳು ಒಂದು ದಿನ ಯಾರಿಗೂ ಹೇಳದ ಮಾತು ಹೇಳಿದಳು.

"ಬಸ್ಸಲ್ಲಿ ಮಕ್ಕಳು ನನ್ನ ಪಕ್ಕಾನೇ ಬಂದು ಕೂರ್ತಾರೆ. 'ಮಿಠಾಯಿ ಅಕ್ಕ' ಅಂತಾರೆ. ಬ್ಯಾಗಲ್ಲಿ ಮಿಠಾಯಿ ಇದೆ ಅಂದ್ಕೊಂಡಿದಾರೆ ಪಾಪ. ಎಷ್ಟು ಸ್ನಾನ ಮಾಡಿದ್ರೂ ಈ ವಾಸನೆ ಹೋಗಲ್ಲ... ನಿಮಗೂ ಬರ್ತಿರಬೇಕಲ್ಲ?"

"ನನಗೆಲ್ಲಿ ಬರುತ್ತೆ?" ಎಂದ ಅವನು ಕರವಸ್ತ್ರ ಎತ್ತಿ ತೋರಿಸಿ. "ನಾನು ಬರೀ ನಿಮ್ಮನ್ನೇ ನೋಡ್ತಿದೀನಿ."

ಅವತ್ತು ಅವಳು ಇಳಿಯಬೇಕಾದ ಸ್ಟಾಪು ಬಿಟ್ಟು ಎರಡು ಸ್ಟಾಪು ಮುಂದೆ ಹೋದಳು.

ಆದರೆ ಆ ವಾರವೇ ಒಂದು ಮಧ್ಯಾಹ್ನ ಕೋಣೆಯ ಚಿಲಕ ತೆಗೆದ ಚಿಕ್ಕಪ್ಪನ ಕೈಯಲ್ಲಿ ನಗರಸಭೆಯ ನೋಟಿಸು ಇತ್ತು. ಸಾರ್ವಜನಿಕ ಸಭೆಗೆ ಬಂದು ಉತ್ತರ ಕೊಡಬೇಕು ಎಂದು ಅದರಲ್ಲಿತ್ತು. ಜೊತೆಗಿದ್ದ ಹಾಳೆಯ ಒಂದು ಸಾಲಿನ ಮೇಲೆ ಅವರು ಬೆರಳಿಟ್ಟರು.

'ಒಬ್ಬ ಗ್ರಾಹಕರ ಹೇಳಿಕೆ: ಸ್ಟ್ರಾಬೆರಿ. ಜೊತೆಗೆ ವೆನಿಲಾ, ಒಂದು ಹನಿ ಜಾಸ್ತಿ.'

"ಒಂದು ಹನಿ ಜಾಸ್ತಿ ಅಂತ ಹೇಳೋ ಮೂಗು ಈ ಊರಲ್ಲಿ ಎಷ್ಟಿದೆ ಮಗಳೇ?"

ಚಿಕ್ಕಪ್ಪ ಕೂಗಾಡಲಿಲ್ಲ. ಅದಕ್ಕೇ ಅವಳಿಗೆ ಹೆಚ್ಚು ಭಯವಾಯಿತು.

"ನಾಳೆಯಿಂದ ಬಸ್ಸು ಬೇಡ. ನನ್ನ ಗಾಡೀಲೇ ಹೋಗೋಣ, ನನ್ನ ಗಾಡೀಲೇ ಬರೋಣ."

ಬಾಗಿಲು ಮುಚ್ಚಿತು. ಅವಳು ಅಲ್ಲೇ ನೆಲದ ಮೇಲೆ ಕೂತಳು.

ನನ್ನ ಮಾತನ್ನೇ ಬರೆದುಕೊಂಡನಲ್ಲ... ಪುಸ್ತಕ ಮುಚ್ಚಿದ್ದು, ನಗಿಸಿದ್ದು, ನಿಮ್ಮನ್ನೇ ನೋಡ್ತಿದೀನಿ ಅಂದದ್ದು... ಎಲ್ಲ ಈ ಒಂದು ಸಾಲಿಗಾಗಿಯೇ? ಚಿಕ್ಕಪ್ಪನಿಗೆ ನನ್ನ ಮೂಗು ಬೇಕಿತ್ತು. ಇವನಿಗೂ ಅದೇ ಬೇಕಿತ್ತು.

ಅಳು ಬಂದರೂ ಜೋರಾಗಿ ಅಳುವಂತಿರಲಿಲ್ಲ. ಮೂಗು ಕಟ್ಟಿದರೆ ಸಂಜೆಯ ಬೆರಕೆ ಕೆಡುತ್ತದೆ.

ಹದಿಮೂರು ದಿನ ಹಾಗೇ ಕಳೆಯಿತು. ಮನೆ, ಗಾಡಿ, ಕೋಣೆ, ಗಾಡಿ, ಮನೆ. ಐದು ಗಂಟೆಗೆ ಗಾಡಿ ಬಸ್ ಸ್ಟಾಪಿನ ಮುಂದೆಯೇ ಹಾದುಹೋಗುತ್ತಿತ್ತು. ಅವಳು ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಸಭೆಯ ಹಿಂದಿನ ದಿನ ಚಿಕ್ಕಪ್ಪ ಪಕ್ಕದಲ್ಲಿ ಕೂತು ಮೆತ್ತಗೆ ಹೇಳಿದರು.

"ನಾಳೆ ನೀನೂ ಬಾ. ಎದ್ದು ನಿಂತು, 'ಬೆರೆಸೋದು ನಾನೇ, ಏನೂ ಹಾಕಲ್ಲ' ಅನ್ನು. ಇಷ್ಟೇ. ಇದೊಂದು ಮಾಡು, ಬರೋ ತಿಂಗಳೇ ನಿನಗೆ ಗಂಡು ನೋಡ್ತೀನಿ. ಚಿಲಕಾನೂ ಹಾಕಲ್ಲ."

ಒಂದು ವಾಕ್ಯ ಹೇಳಿದರೆ ಬಾಗಿಲು ತೆರೆಯುತ್ತದೆ. ಅವಳು ತಲೆಯಾಡಿಸಿದಳು. ಅವನ ಮೇಲಿನ ಸಿಟ್ಟಿಗಾದರೂ ಹೇಳಿಬಿಡುತ್ತೇನೆ ಅಂದುಕೊಂಡಳು.

ನಗರಸಭೆಯ ಸಭಾಂಗಣ ಕಿಕ್ಕಿರಿದಿತ್ತು. ಒಂದು ಪಕ್ಕ ಚಿಕ್ಕಪ್ಪ, ಇನ್ನೊಂದು ಪಕ್ಕ ಚಿಕ್ಕಮ್ಮ, ನಡುವೆ ಅವಳು. ಎದುರಿನ ಸಾಲಿನಲ್ಲಿ ಅವನು ಕೂತಿದ್ದ. ಇಳಿದುಹೋಗಿದ್ದ.

ಮೊದಲು ಸ್ಟ್ರಾ ವಿಷಯ ಬಂತು. ಜ್ಯೂಸಕ್ಕ ಸೆರಗು ಸರಿಮಾಡಿಕೊಂಡು ಎದ್ದಳು.

"ಅಧ್ಯಕ್ಷರೇ, ಕಾಗದದ ಸ್ಟ್ರಾ ವಾಸನೆ ಅಂತ ಎಲ್ಲರೂ ಬೈತಿದ್ರು. ಈಗ ಯಾರೂ ಬೈತಿಲ್ಲ. ಉಪಾಯ ಹೇಳಿಕೊಟ್ಟ ಹುಡುಗಿ ಹದಿಮೂರು ದಿನದಿಂದ ಬಸ್ ಸ್ಟಾಪಿಗೆ ಬಂದಿಲ್ಲ. ನನ್ನ ತಮ್ಮ ದಿನಾ ಐದಕ್ಕೆ ಬಂದು ಕೂತು, ಐದೂಕಾಲಿಗೆ ಎದ್ದು ಹೋಗ್ತಾನೆ. ಜ್ಯೂಸೂ ಕುಡಿಯಲ್ಲ. ಇದನ್ನೂ ಬರ್ಕೊಳ್ಳಿ."

ಸಭೆ ಗೊಳ್ಳೆಂದು ನಕ್ಕಿತು. ಅವನು ತಲೆ ತಗ್ಗಿಸಿದ. ಅವಳು ಆ ತಗ್ಗಿದ ತಲೆಯನ್ನೇ ನೋಡಿದಳು.

ನಂತರ ತಂಬಾಕಿನ ವಿಷಯ. ಅವನನ್ನು ನಿಲ್ಲಿಸಿ ಅಧ್ಯಕ್ಷೆ ಕೇಳಿದರು, "ಈ ಹೇಳಿಕೆ ಕೊಟ್ಟ ಗ್ರಾಹಕರು ಯಾರು?"

"ಹೇಳೋಕಾಗಲ್ಲ ಮೇಡಂ."

"ಹೆಸರಿಲ್ಲದ ಹೇಳಿಕೆ ನಿಲ್ಲಲ್ಲ. ಗೊತ್ತಲ್ಲ?"

"ಗೊತ್ತು ಮೇಡಂ. ಆ ಸಾಲು ಹೊಡೆದುಹಾಕಿ ಅಂತ ನಾನೇ ಬರೆದು ಕೊಟ್ಟಿದೀನಿ."

ಪಕ್ಕದಲ್ಲಿದ್ದ ಹಿರಿಯ ಅಧಿಕಾರಿ ಫೈಲು ತಿರುವಿದರು. "ನಮ್ಮ ಇನ್ಸ್‌ಪೆಕ್ಟರುಗಳ ಪುಸ್ತಕಕ್ಕೆ ಪುಟಸಂಖ್ಯೆ ಇರುತ್ತೆ ಮೇಡಂ, ಕೆಳಗೆ ಕಾರ್ಬನ್ ಹಾಳೆ. ಬರೆದದ್ದನ್ನ ಹರಿಯೋ ಹಾಗಿಲ್ಲ, ಮೇಲಿನ ಹಾಳೆ ಅವತ್ತೇ ಸಂಜೆ ಆಫೀಸಿಗೆ ಬರಬೇಕು. ಬರೆದ ಮೇಲೆ ಹೆಸರು ಕೊಡಲ್ಲ ಅಂತಿದಾರೆ. ನಾಲ್ಕು ಸಲ ಕೇಳಿದ್ವಿ. ಮೆಮೊ ಕೊಟ್ಟಿದೀವಿ. ಮುಂದಿನ ವಾರ ಸಸ್ಪೆಂಡ್ ಆಗಬಹುದು."

ಅವಳಿಗೆ ಆ ಸಂಜೆ ನೆನಪಾಯಿತು. ಪೆನ್ನು ಓಡಿದ್ದು ಅವಳು ಯಾರೆಂದು ಗೊತ್ತಾಗುವ ಮೊದಲು. ಗೊತ್ತಾದ ಕೂಡಲೇ ನಿಂತಿತ್ತು. ಅಷ್ಟರಲ್ಲಿ ಆ ಸಾಲು ಕಾರ್ಬನ್ನಿಗೆ ಇಳಿದಾಗಿತ್ತು.

ದಿನಾ ಪಕ್ಕದಲ್ಲೇ ಕೂತು ಒಂದು ಮಾತು ಹೇಳಬಾರದಿತ್ತಾ, ದಡ್ಡ...

"ಕಾರ್ಖಾನೆ ಕಡೆಯವರು ಮಾತಾಡಬಹುದು," ಎಂದರು ಅಧ್ಯಕ್ಷೆ. ಚಿಕ್ಕಪ್ಪ ಅವಳ ಮೊಣಕೈ ಮುಟ್ಟಿದರು.

ಅವಳು ಎದ್ದಳು. ಕಲಿಸಿದ ವಾಕ್ಯದ ಅರ್ಧ ಬಾಯಿಗೆ ಬಂತು.

"ಬೆರೆಸೋದು ನಾನೇ..."

ಅವನು ತಲೆ ಎತ್ತಿ 'ಬೇಡ' ಎನ್ನುವಂತೆ ಕಣ್ಣಲ್ಲೇ ಸನ್ನೆ ಮಾಡಿದ. ತನ್ನ ಕೆಲಸ ಹೋಗುವ ಹೊತ್ತಿನಲ್ಲೂ ಅವನು ಕಾಪಾಡಲು ನೋಡುತ್ತಿದ್ದದ್ದು ಅವಳನ್ನು.

"ಆ ಗ್ರಾಹಕಳೂ ನಾನೇ. ಸ್ಟ್ರಾಬೆರಿ, ವೆನಿಲಾ, ಮಾವು, ಪುದೀನಾ, ಎಲ್ಲ ನನ್ನ ಕೈಯಲ್ಲೇ ಹಾಕ್ತೀನಿ. ಬೇಕಿದ್ರೆ ಕಣ್ಣು ಕಟ್ಟಿ ಪೊಟ್ಟಣ ಕೊಡಿ, ಯಾವ ವಾರದ್ದು ಅಂತಾನೂ ಹೇಳ್ತೀನಿ." ಅವಳು ಸಭೆಯ ಕಡೆ ತಿರುಗಿದಳು. "ಬಸ್ಸಲ್ಲಿ ಮಕ್ಕಳು ನನ್ನ ಹತ್ರ ಮಿಠಾಯಿ ಕೇಳ್ತಾರೆ. ನಾನು ಮಾಡೋದು ಮಿಠಾಯಿ ಅಲ್ಲ. ಇವತ್ತು ನನ್ನ ಪಕ್ಕ ಬಂದು ಕೂರೋರು ನಾಳೆ ಅಂಗಡಿಗೆ ಹೋಗಿ ಇದೇ ಘಮ ಕೇಳ್ತಾರೆ. ಹನ್ನೆರಡು ವರ್ಷದಿಂದ ಗೊತ್ತಿತ್ತು. ಹೇಳೋ ಧೈರ್ಯ ಇರಲಿಲ್ಲ."

ಹೊರಗೆ ಮೊಗಸಾಲೆಯಲ್ಲಿ ಚಿಕ್ಕಪ್ಪ ಗೋಡೆಗೆ ಒರಗಿ ನಿಂತಿದ್ದರು. ಒಂದೇ ಗಂಟೆಯಲ್ಲಿ ಮುದುಕರಾಗಿದ್ದರು.

"ಅನ್ನ ಹಾಕಿದ ಕೈಗೇ ಹೀಗೆ ಮಾಡಿದೆಯಲ್ಲ ಮಗಳೇ..."

"ಅನ್ನ ಹಾಕಿದೀರಿ ಚಿಕ್ಕಪ್ಪ, ಸಾಯೋವರೆಗೂ ಮರೆಯಲ್ಲ. ಚಿಲಕಾನೂ ನೀವೇ ಹಾಕಿದ್ದು. ನಾನು ಮನೆಗೆ ಬರ್ತೀನಿ, ನಿಮ್ಮ ಮಗಳಾಗಿ. ಆ ಕೋಣೆಗೆ ಬರಲ್ಲ. ಪ್ಯಾಕಿಂಗ್ ಹೆಂಗಸರಿಗೆ ಸ್ಟ್ರಾ ಸುತ್ತೋ ಕೆಲಸ ಸಿಗುತ್ತಾ ಅಂತ ಜ್ಯೂಸಕ್ಕನ್ನ ಕೇಳ್ತೀನಿ."

ಅವರು ಮೆಟ್ಟಿಲಿಳಿದರು. ಹಿಂದೆಯೇ ಹೊರಟ ಚಿಕ್ಕಮ್ಮ ಮಾತ್ರ ಒಂದು ಕ್ಷಣ ನಿಂತು ಅವಳ ಕೆನ್ನೆ ಮುಟ್ಟಿದರು.

"ಸಿಟ್ಟು ಇಳಿಯೋವರೆಗೂ ಆ ಅಕ್ಕನ ಮನೇಲಿರು. ಬಟ್ಟೆ ನಾನು ಕಳಿಸ್ತೀನಿ. ಗಂಡು ಬಂದಾಗಲೆಲ್ಲ ನಾನೂ ಬಾಯಿ ಮುಚ್ಕೊಂಡಿದ್ದೆ. ಕ್ಷಮಿಸು ಕಂದ."

ಮೂರು ವಾರ ಕಳೆಯಿತು. ನಗರಸಭೆಯ ಒತ್ತಾಯದ ಪತ್ರ ಮೇಲಕ್ಕೆ ಹೋಗಿದೆ. ಉತ್ತರ ಯಾವಾಗ ಬರುತ್ತದೋ ಮೇಲಿನವರಿಗೇ ಗೊತ್ತು. ಅವನ ಮೆಮೊ ರದ್ದಾಯಿತು. ಜ್ಯೂಸಕ್ಕನ ಹಿಂದಿನ ಕೋಣೆಯಲ್ಲಿ ಅವಳೂ ಐವರು ಪ್ಯಾಕಿಂಗ್ ಹೆಂಗಸರೂ ಕಾಗದದ ಸ್ಟ್ರಾ ಸುತ್ತುತ್ತಾರೆ. ಆ ಕೋಣೆಗೆ ಎರಡು ಕಿಟಕಿ. ಅವಳು ಮಳೆ ಬಂದರೂ ಮುಚ್ಚಗೊಡುವುದಿಲ್ಲ.

ಐದು ಗಂಟೆಗೆ ಅವನು ಬಂದು ಬೆಂಚಿನ ಮೇಲೆ ಕೂತ. ಅವಳೂ ಬಂದು ಕೂತಳು. ಐದೂಕಾಲಿನ ಬಸ್ಸು ಬಂದು ಹೋಯಿತು. ಇಬ್ಬರೂ ಏಳಲಿಲ್ಲ.

"ಅವತ್ತೇ ಹೇಳಬೇಕಿತ್ತು," ಎಂದ ಅವನು. "ಹೇಳಿದ್ರೆ ನೀವು ಮತ್ತೆ ಬರಲ್ಲ ಅಂತ ಭಯ ಆಯ್ತು. ತಪ್ಪು ನಂದೇ."

"ಇನ್ಮೇಲೆ ಏನೇ ಬರ್ಕೊಂಡ್ರೂ ನನಗೆ ಮೊದಲು ತೋರಿಸಿ."

"ಸರಿ." ಅವನು ಕರವಸ್ತ್ರ ಮಡಿಸಿ ಜೇಬಿಗಿಟ್ಟ. "ನಿಮ್ಮ ಚಿಕ್ಕಪ್ಪನ ಮನೆಗೆ ಹೋಗಿದ್ದೆ... ನಿಮ್ಮನ್ನ ಕೇಳೋಕೆ."

"ವಾಪಸ್ ಕಳಿಸಿದ್ರಾ?"

"ಮೂರು ಸಲ ಕಳಿಸಿದ್ರು. ನಾಲ್ಕನೇ ಸಲ ಕೂತ್ಕೋ ಅಂದ್ರು. ಮಾತಾಡಲಿಲ್ಲ. ಚಿಕ್ಕಮ್ಮ ಕಾಫಿ ಕೊಟ್ರು. ಹೊರಡುವಾಗ, ಅವಳಿಗೆ ಒಪ್ಪಿಗೆನಾ ಕೇಳ್ಕೊಂಡು ಬಾ ಅಂದ್ರು." ಅವನು ಅವಳ ಕಡೆ ತಿರುಗಿದ. "ಒಪ್ಪಿಗೆನಾ?"

ಅವಳ ಕಣ್ಣು ತುಂಬಿ ಬಂತು. ಅವನ ಕೈ ಹಿಡಿದುಕೊಂಡಳು. ಅವಳ ಬೆರಳ ತುದಿಯ ಗುಲಾಬಿ ಬಣ್ಣ ಮಾಸಿಹೋಗಿತ್ತು.

ಅವನು ಇದ್ದಕ್ಕಿದ್ದಂತೆ ಉಸಿರೆಳೆದುಕೊಂಡ. ಮತ್ತೆ ಎಳೆದುಕೊಂಡ.

"ಅರೆ, ಡಾಕ್ಟರ್ ಕೊಟ್ಟ ಹನಿ ಕೆಲಸ ಮಾಡ್ತಿದೆ. ಮೂಗು ಬಿಟ್ಟಿದೆ."

ಅವಳು ಗಾಬರಿಯಿಂದ ಕೈ ಬಿಡಿಸಿಕೊಳ್ಳಲು ನೋಡಿದಳು. ಅವನು ಬಿಡಲಿಲ್ಲ.

"ನನ್ನಿಂದ... ಏನು ವಾಸನೆ ಬರ್ತಿದೆ?"

ಅವನು ಅವಳ ಭುಜದ ಹತ್ತಿರ ಬಾಗಿ ಬಹಳ ಹೊತ್ತು ಮೂಸಿ ನೋಡಿದ.

"ಸೋಪು. ಸ್ವಲ್ಪ ಮೈದಾ ಅಂಟು. ಅಷ್ಟೇ, ಬೇರೇನೂ ಇಲ್ಲ."

"ಬೇರೇನೂ ಇಲ್ವಾ? ನಿಜವಾಗ್ಲೂ?"

"ನಿಜವಾಗ್ಲೂ."

ಅವಳು ಅವನ ಭುಜಕ್ಕೆ ತಲೆ ಒರಗಿಸಿದಳು.

"ಹಾಗಾದ್ರೆ ಅದು ನಾನೇ," ಎಂದಳು.